ಇಕ್ಕಟ್ಟಾದ ಮನೆಗೆ ಮಡಚುವ ಏಣಿ: 2021ರಿಂದ ಬಳಸುತ್ತಿರುವ ಕತ್ತರಿ ಮಾದರಿಯ ವಿಮರ್ಶೆ

ಚಾವಣಿಯ ಕಿಂಡಿಗೆ ಅಳವಡಿಸಿ, ಬೇಕಾದಾಗ ಕೆಳಗೆಳೆದು ಬೇಡವಾದಾಗ ಮಡಚಿ ಮೇಲಕ್ಕೇರಿಸುವ ಅಲ್ಯೂಮಿನಿಯಂ ಏಣಿಯೊಂದನ್ನು ಕಲಬುರಗಿಯ ನಮ್ಮ ಮನೆಯಲ್ಲಿ 2021ರಿಂದ ಬಳಸುತ್ತಿದ್ದೇವೆ. ಮಾರುವವರು ಇದನ್ನು ಸಿಸರ್ ಲ್ಯಾಡರ್ ಎಂದೋ ಕನ್ಸರ್ಟೀನಾ ಲ್ಯಾಡರ್ ಎಂದೋ ಕರೆಯುತ್ತಾರೆ. ಅಡ್ಡಡ್ಡವಾಗಿ ಹೆಣೆದ ಪಟ್ಟಿಗಳು ಹಿಗ್ಗಿದರೆ ಏಣಿಯಾಗುತ್ತದೆ, ಕುಗ್ಗಿದರೆ ಕಿಂಡಿಯ ಚೌಕಟ್ಟಿನೊಳಗೇ ಅಡಗುತ್ತದೆ. ಒಂದೇ ವಿನ್ಯಾಸದ ಸರಕು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವುದರಿಂದ ಇಲ್ಲಿ ಕಂಪನಿಯ ಹೆಸರನ್ನು ಬಿಟ್ಟು ಮಾದರಿಯ ಗುಣದೋಷಗಳನ್ನೇ ಬರೆದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಅಳತೆಗೆ ಇದು ಸರಿಯಾದ ಏಣಿ, ಆದರೆ ನೆಲದಲ್ಲಿ ಇನ್ನೆರಡು ಅಡಿ ಜಾಗವಿದ್ದಿದ್ದರೆ ನಾನು ಇದನ್ನು ಕೊಳ್ಳುತ್ತಿರಲಿಲ್ಲ. ಈ ಏಣಿಯ ಬಹುತೇಕ ಎಲ್ಲ ಕೊರತೆಗಳೂ ಅದು ಉಳಿಸಿಕೊಡುವ ಜಾಗಕ್ಕೆ ನಾವು ತೆರುವ ಬೆಲೆಯೇ ಆಗಿವೆ.

ನಮ್ಮದು ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ನಿವೇಶನದಲ್ಲಿ ಕಟ್ಟಿದ ಒಂದಂತಸ್ತಿನ ಮನೆ. ಹಿಂಭಾಗದ ಸ್ಲ್ಯಾಬಿನ ಮೇಲೆ ತಗಡು ಹೊದಿಸಿದ ಒಂದು ಸಣ್ಣ ಖೋಲಿಯಿದ್ದು, ಕೌದಿಗಳು, ಹಬ್ಬದ ದೊಡ್ಡ ಪಾತ್ರೆಗಳು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುಟ್ಟಿಗಳು, ಹಳೆಯ ಕಾಗದಪತ್ರಗಳ ಟ್ರಂಕು ಎಲ್ಲವೂ ಅಲ್ಲಿವೆ. ಪಕ್ಕದ ಮನೆಯ ಗೋಡೆ ತೀರ ಹತ್ತಿರವಿರುವುದರಿಂದ ಹೊರಗಿನಿಂದ ಮೆಟ್ಟಿಲು ಕಟ್ಟಲು ಅವಕಾಶವಿಲ್ಲ. ಒಳಗೆ ಕಟ್ಟೋಣವೆಂದರೆ ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತು ಅಡಿ ಐದು ಇಂಚು ಎತ್ತರ. ಏಳು ಇಂಚಿಗೊಂದು ಮೆಟ್ಟಿಲೆಂದು ಲೆಕ್ಕ ಹಾಕಿದರೆ ಹದಿನೆಂಟು ಏರುಗಳಾಗುತ್ತವೆ, ಹತ್ತು ಇಂಚಿನ ತುಳಿಯುವ ಅಗಲ ಹಿಡಿದರೆ ನೇರ ಮೆಟ್ಟಿಲಿಗೆ ಹದಿನಾಲ್ಕು ಅಡಿ ಉದ್ದ ಬೇಕು, ಅಂದರೆ ಮನೆಯ ಸುಮಾರು ಅರ್ಧ ಉದ್ದ ಮೆಟ್ಟಿಲಿಗೇ ಹೋಗುತ್ತದೆ. ಆದ್ದರಿಂದ ಸ್ಲ್ಯಾಬು ಹಾಕುವಾಗಲೇ ಪ್ಯಾಸೇಜಿನ ಮೇಲೆ ಎರಡೂವರೆ ಅಡಿ ಉದ್ದ, ಎರಡೂಕಾಲು ಅಡಿ ಅಗಲದ ಕಿಂಡಿಯನ್ನು ಬಿಡಿಸಿದ್ದೆವು. ಪ್ಯಾಸೇಜು ಎಂಟು ಅಡಿ ಉದ್ದ, ಮೂರೂವರೆ ಅಡಿ ಅಗಲವಿದ್ದು, ಅದಕ್ಕೆ ಅಡುಗೆಮನೆಯ ಬಾಗಿಲೂ ಬಚ್ಚಲುಮನೆಯ ಬಾಗಿಲೂ ತೆರೆದುಕೊಳ್ಳುತ್ತವೆ.

ಮಾರಾಟದ ಚೀಟಿಗಳಲ್ಲಿ ಏಣಿಯ ಎತ್ತರ ಮತ್ತು ಅದು ತಾಳುವ ಭಾರ ದೊಡ್ಡ ಅಕ್ಷರಗಳಲ್ಲಿರುತ್ತವೆ. ಇಕ್ಕಟ್ಟಿನ ಮನೆಯಲ್ಲಿ ಈ ಎರಡೂ ನಿರ್ಣಾಯಕವಲ್ಲ. ಏಣಿಯ ಬುಡ ಎಲ್ಲಿ ಊರುತ್ತದೆ, ಬಿಚ್ಚುವಾಗ ಅದು ಎಷ್ಟು ದೂರ ಮುಂದೆ ಬರುತ್ತದೆ, ಊರಿದ ಮೇಲೆ ಅದರ ಮುಂದೆ ನಿಲ್ಲಲು ಎಷ್ಟು ಜಾಗ ಉಳಿಯುತ್ತದೆ ಎಂಬುದೇ ಮುಖ್ಯ. ಒರಗಿಸಿಡುವ ಏಣಿಗೆ ಬಹುಕಾಲದಿಂದ ಬಳಕೆಯಲ್ಲಿರುವ ನಿಯಮವೊಂದಿದೆ: ಎತ್ತರ ನಾಲ್ಕು ಪಾಲಾದರೆ ಬುಡವು ಒಂದು ಪಾಲು ದೂರದಲ್ಲಿರಬೇಕು, ಆಗ ಇಳಿಜಾರು ಸುಮಾರು 75 ಡಿಗ್ರಿಯಾಗುತ್ತದೆ. ನಮ್ಮ ಎತ್ತರಕ್ಕೆ ಇದು ಎರಡು ಅಡಿ ಏಳೆಂಟು ಇಂಚು. ಇಳಿಜಾರನ್ನು 65 ಡಿಗ್ರಿಗೆ ತಗ್ಗಿಸಿದರೆ ಏರುವುದು ಹಗುರವಾಗುತ್ತದೆ, ಆದರೆ ಬುಡ ಐದು ಅಡಿಯ ಸಮೀಪಕ್ಕೆ ಸರಿಯುತ್ತದೆ; 60 ಡಿಗ್ರಿಯಾದರೆ ಆರು ಅಡಿ. ಇದರ ಮೇಲೆ ಮನುಷ್ಯ ನಿಂತು ಮೊದಲ ಮೆಟ್ಟಿಲಿಗೆ ಕಾಲಿಡಲು ಕನಿಷ್ಠ ಎರಡು ಅಡಿ ಬೇಕು. ಎಂಟು ಅಡಿಯ ಪ್ಯಾಸೇಜಿನಲ್ಲಿ ಕಿಂಡಿಯೂ ಇದ್ದು, ಎರಡು ಬಾಗಿಲುಗಳೂ ಇದ್ದಾಗ ಈ ಲೆಕ್ಕ ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದರೇ ತಿಳಿಯುತ್ತದೆ. ನಾನಂತೂ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದು ನೋಡಿದೆ. ಬಚ್ಚಲುಮನೆಯ ಬಾಗಿಲು ಪ್ಯಾಸೇಜಿನ ಕಡೆಗೆ ತೆರೆಯುತ್ತಿದ್ದರಿಂದ, ಒಳಗಿದ್ದವರು ಅದನ್ನು ತಳ್ಳಿದರೆ ನೇರವಾಗಿ ಏಣಿಯ ಬುಡಕ್ಕೇ ತಾಗುವಂತಿತ್ತು. ಏಣಿ ಬರುವ ಮೊದಲೇ ಬಡಗಿಯನ್ನು ಕರೆಸಿ ಆ ಬಾಗಿಲು ಒಳಮುಖವಾಗಿ ತೆರೆಯುವಂತೆ ಮಾಡಿಸಿದೆವು. ಪಡಸಾಲೆಯ ಚಾವಣಿಯಲ್ಲಿ ಕಿಂಡಿ ಇಡುವವರು ಇದರೊಂದಿಗೆ ಫ್ಯಾನಿನ ರೆಕ್ಕೆಗಳ ಸುತ್ತಳತೆಯನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಅಳತೆಯ ವಿಷಯದಲ್ಲಿ ಅಂಗಡಿಯವರಿಗೂ ಗೊಂದಲವಿರುತ್ತದೆ. ಕೆಲವು ತಯಾರಕರು ನೆಲದಿಂದ ಚಾವಣಿಯ ಕೆಳಮೈವರೆಗಿನ ಎತ್ತರವನ್ನು ಕೇಳುತ್ತಾರೆ, ಕೆಲವರು ಮೇಲಿನ ನೆಲದವರೆಗಿನ ಎತ್ತರವನ್ನು ಕೇಳುತ್ತಾರೆ. ನಡುವಿನ ಸ್ಲ್ಯಾಬು ಐದು ಇಂಚು ಇರಬಹುದು; ಅದರ ಮೇಲೆ ಗಾರೆ ಮತ್ತು ಹಾಸುಗಲ್ಲು ಸೇರಿದರೆ ಇನ್ನೂ ಹೆಚ್ಚು. ಕತ್ತರಿ ಮಾದರಿಯಲ್ಲಿ ಈ ವ್ಯತ್ಯಾಸ ಕಾಡುತ್ತದೆ, ಏಕೆಂದರೆ ಎಷ್ಟು ಹಿಗ್ಗಿಸುತ್ತೇವೆ ಎಂಬುದರ ಮೇಲೆ ಮೆಟ್ಟಿಲುಗಳ ನಡುವಿನ ಅಂತರವೂ ಅವು ಸಮತಟ್ಟಾಗಿರುವುದೂ ನಿಂತಿರುತ್ತದೆ. ಮರದ ಏಣಿಯ ಕಾಲನ್ನು ಓರೆಯಾಗಿ ಕೊಯ್ದು ಸರಿಹೊಂದಿಸಬಹುದು; ಇದರಲ್ಲಿ ಬೋಲ್ಟಿನಿಂದ ಸ್ವಲ್ಪ ಮಟ್ಟಿಗೆ ಮಾತ್ರ ಹೊಂದಿಸಲು ಸಾಧ್ಯ. ಎತ್ತರ ಅದಕ್ಕೂ ಮೀರಿದರೆ ಒಂದು ಜೊತೆ ಪಟ್ಟಿಯನ್ನು ಸೇರಿಸಬೇಕು ಅಥವಾ ತೆಗೆಯಬೇಕು.

ಕತ್ತರಿ ಮಾದರಿಯನ್ನು ಆರಿಸುವ ಮೊದಲು ಬೇರೆ ಬಗೆಗಳನ್ನೂ ತೂಗಿ ನೋಡಿದೆವು. ಮೊದಲನೆಯದು ನಮ್ಮ ಊರಿನ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಒಂದೆರಡು ದಿನದಲ್ಲಿ ಮಾಡಿಕೊಡುವ ಕಬ್ಬಿಣದ ನಿಚ್ಚಣಿಕೆ. ಅಗ್ಗ, ಗಟ್ಟಿ, ರಿಪೇರಿ ಸುಲಭ. ಅದನ್ನು ಗೋಡೆಗೆ ನೆಟ್ಟಗೆ ಬಿಗಿದರೆ ಬಹಳ ಕಡಿಮೆ ಜಾಗ ಸಾಕು. ಕಾಲಿನ ಬೆರಳುಗಳು ಸೇರಲು ಗೋಡೆಗೂ ಮೆಟ್ಟಿಲಿಗೂ ನಡುವೆ ಆರೇಳು ಇಂಚು ಬಿಡಬೇಕಾಗುತ್ತದೆ, ಅಷ್ಟೆ. ಆದರೆ ನೆಟ್ಟನೆಯ ಏಣಿಯನ್ನು ಏರಲು ಎರಡೂ ಕೈಗಳು ಬೇಕು, ಕೌದಿಯ ಗಂಟನ್ನು ಹಿಡಿದು ಏರುವಂತಿಲ್ಲ. ಒರಗಿಸಿಡುವ ನಿಚ್ಚಣಿಕೆಯಾದರೆ ಬಳಸದಾಗ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ ಬರುತ್ತದೆ. ಹನ್ನೊಂದು ಅಡಿಯ ಕಬ್ಬಿಣವನ್ನು ಮೂರೂವರೆ ಅಡಿಯ ಪ್ಯಾಸೇಜಿನಲ್ಲಿ ತಿರುಗಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೊಳವೆಯೊಳಗೆ ಕೊಳವೆ ಸೇರುವ ಟೆಲಿಸ್ಕೋಪಿಕ್ ಏಣಿಯನ್ನು ಒಬ್ಬ ಸ್ನೇಹಿತರ ಮನೆಯಲ್ಲಿ ಬಳಸಿ ನೋಡಿದ್ದೆ. ಮೂಲೆಯಲ್ಲಿ ನಿಲ್ಲಿಸಿದರೆ ಕಣ್ಣಿಗೂ ಬೀಳದಷ್ಟು ಚಿಕ್ಕದಾಗುತ್ತದೆ. ಆದರೆ ಪ್ರತಿ ಸಲವೂ ಎಲ್ಲ ಹಂತಗಳ ಬೀಗದ ಗುಂಡಿಗಳು ಕೂತಿವೆಯೇ ಎಂದು ನೋಡಬೇಕು, ಕೊಳವೆಗಳ ಸಂದಿಗೆ ಧೂಳು ಸೇರಿದರೆ ಅವು ಸರಿಯಾಗಿ ಜಾರುವುದಿಲ್ಲ, ಮಡಚುವಾಗ ಮೇಲಿನ ಹಂತ ಸರ್ರನೆ ಬಿದ್ದರೆ ಬೆರಳು ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಲ್ಬು ಬದಲಿಸುವವರಿಗೆ ಸಾಕು. ವಾರಕ್ಕೆರಡು ಸಲ ಏರುವವರಿಗೆ ಬೇಡ.

ನನಗೆ ನಿಜವಾಗಿಯೂ ಇಷ್ಟವಾಗಿದ್ದು ಮೂರು ಮಡಿಕೆಯ ಮರದ ಏಣಿ. ಅಗಲವಾದ ಮೆಟ್ಟಿಲು, ಹಿಡಿಯಲು ಕಂಬಿ, ಸಾಧಾರಣ ಇಳಿಜಾರು. ಏರುವಾಗ ಅಲುಗುವುದೇ ಇಲ್ಲ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಕಿಂಡಿ ಬೇಕು. ಬಿಚ್ಚುವಾಗ ಮಡಿಕೆಗಳು ಕಮಾನಿನಂತೆ ಮುಂದಕ್ಕೆ ಬಾಗಿ ಬರುವುದರಿಂದ, ನಿಂತ ಮೇಲೆ ಹಿಡಿಯುವ ಜಾಗಕ್ಕಿಂತ ಹೆಚ್ಚು ಜಾಗವನ್ನು ಬಿಚ್ಚುವ ಆ ಕ್ಷಣದಲ್ಲಿ ಕೇಳುತ್ತದೆ. ಅಂಥ ಏಣಿಗಳನ್ನು ಬಹುತೇಕ ಪೈನ್ ಮರದಿಂದ ಮಾಡಿರುತ್ತಾರೆ. ಗೆದ್ದಲಿಗೆ ಅದು ಸುಲಭದ ತುತ್ತು, ನಮ್ಮ ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಸ್ಕ್ರೂಗಳು ಸಡಿಲವಾಗುವುದೂ ಉಂಟು. ಇಷ್ಟಾದರೂ ಜಾಗವಿರುವವರು ಇದನ್ನೇ ಕೊಳ್ಳಲಿ ಎಂಬುದೇ ನನ್ನ ಅಭಿಪ್ರಾಯ. ಜಾರುವ ಅಲ್ಯೂಮಿನಿಯಂ ಏಣಿಯ ವಿಷಯ ಬೇಗ ಮುಗಿಯಿತು: ಅದು ಮಡಚಿದಾಗ ಮೇಲಿನ ಖೋಲಿಯೊಳಕ್ಕೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಸಾಮಾನು ಇಡಲೆಂದು ಮಾಡಿದ ಖೋಲಿಯಲ್ಲಿ ಏಣಿಯೇ ಮಲಗಿದರೆ ಪ್ರಯೋಜನವೇನು?

ಕತ್ತರಿ ಮಾದರಿ ನಮ್ಮ ಎರಡೂವರೆ ಅಡಿಯ ಕಿಂಡಿಗೆ ಹಿಡಿಸಿತು, ಮುಂದೆ ಬಾಗದೆ ಬಹುಪಾಲು ನೇರವಾಗಿ ಕೆಳಗಿಳಿಯಿತು, ಮೂರು ಅಡಿಯೊಳಗೆ ಬುಡ ಊರಿತು. ಬೆಲೆ ಕಬ್ಬಿಣದ ನಿಚ್ಚಣಿಕೆಗಿಂತ ನಾಲ್ಕೈದು ಪಟ್ಟು ಹೆಚ್ಚು. ಯುರೋಪಿನಲ್ಲಿ ಅಟ್ಟದ ಏಣಿಗಳಿಗೆಂದೇ ಇರುವ ಇಎನ್ 14975 ಮಾನದಂಡ ಹೇಳುವ ಗರಿಷ್ಠ ಭಾರ 150 ಕಿಲೋ. ನಮ್ಮ ಏಣಿಯ ಚೀಟಿಯಲ್ಲಿಯೂ ಅದೇ ಅಂಕಿಯಿತ್ತು. ಅದು ಏರುವವರ ತೂಕ ಮತ್ತು ಹೊತ್ತ ಸಾಮಾನಿನ ತೂಕ ಎರಡೂ ಸೇರಿದ ಲೆಕ್ಕವೆಂಬುದನ್ನು ಮಾರುವವರು ಹೇಳುವುದಿಲ್ಲ.

ಅಳವಡಿಕೆಯ ಕೆಲಸ ಏಣಿಯ ಆಯ್ಕೆಯಷ್ಟೇ ಮುಖ್ಯವಾದದ್ದು. ಕೂಡಿಸಲು ಬಂದ ಹುಡುಗ ಪೆಟ್ಟಿಗೆ ಬಿಚ್ಚುವ ಮೊದಲೇ ಸ್ಟೂಲಿನ ಮೇಲೆ ನಿಂತು ಕಿಂಡಿಯ ಅಂಚನ್ನು ಸುತ್ತಿಗೆಯಿಂದ ತಟ್ಟಿ ನೋಡಿ, "ಕಾಕಾ, ಮೊದಲ ಸ್ಲ್ಯಾಬಿನ ಅಂಚು ನೋಡ್ರಿ, ನಿಚ್ಚಣಿಕಿ ಆಮ್ಯಾಲ ನೋಡೋಣಂತ" ಎಂದ. ಅವನ ಮಾತು ಸರಿಯಾಗಿತ್ತು. ಮನುಷ್ಯನ ಭಾರವೆಲ್ಲ ಕಿಂಡಿಯ ಒಂದು ಅಂಚಿಗೆ ಬೀಳುತ್ತದೆ. ಹಿಗ್ಗುವ ಬೋಲ್ಟನ್ನು ಕಾಂಕ್ರೀಟಿನ ಅಂಚಿಗೆ ತೀರ ಸಮೀಪ ಹೊಡೆದರೆ ಅಂಚು ಸೀಳಿಕೊಳ್ಳುತ್ತದೆ. ನಮ್ಮಲ್ಲಿ ಕಿಂಡಿಯ ಸುತ್ತ ಸ್ಲ್ಯಾಬಿನ ಮೇಲೆ ಕಬ್ಬಿಣದ ಆಂಗಲ್ ಚೌಕಟ್ಟನ್ನು ಕೂರಿಸಿ, ಅಂಚಿನಿಂದ ಸಾಕಷ್ಟು ಒಳಗೆ ಆರಪಾರ ಬೋಲ್ಟು ಹಾಕಿ, ಏಣಿಯನ್ನು ಆ ಚೌಕಟ್ಟಿಗೆ ಬಿಗಿದರು. ಕಿಂಡಿ ಇಲ್ಲದ ಸ್ಲ್ಯಾಬನ್ನು ಈಗ ಕೊರೆಯಬೇಕೆನ್ನುವವರು ಇಂಜಿನಿಯರನ್ನು ಕೇಳದೆ ಮುಂದುವರಿಯಬಾರದು. ಒಳಗಿನ ಸರಳುಗಳನ್ನು ಕತ್ತರಿಸಿದರೆ ಅವು ಹೊರುತ್ತಿದ್ದ ಭಾರವನ್ನು ಬೇರೆ ಯಾವುದಾದರೂ ಹೊರಬೇಕಾಗುತ್ತದೆ. ಹಳೆಯ ಬಡಾವಣೆಗಳಲ್ಲಿ ಗರ್ಡರಿನ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದ ಚಾವಣಿಗಳಿವೆ. ಶಹಾಬಾದ್ ಕಲ್ಲು ಪದರ ಪದರವಾದ ಸುಣ್ಣಕಲ್ಲು. ಅದಕ್ಕೆ ನೇರವಾಗಿ ಬೋಲ್ಟು ಹೊಡೆದು ಏಣಿ ತೂಗುಹಾಕುವುದು ಅಪಾಯಕರ. ಅಂಥ ಮನೆಯಲ್ಲಿ ಏಣಿಯ ಚೌಕಟ್ಟನ್ನು ಎರಡು ಗರ್ಡರುಗಳ ನಡುವೆ ಅಡ್ಡ ಕಬ್ಬಿಣ ಕೊಟ್ಟು ಅದಕ್ಕೇ ಬಿಗಿಯಬೇಕು.

ಇದೇ ಕಲ್ಲು ನೆಲದಲ್ಲಿದ್ದಾಗ ಬೇರೆ ಸಮಸ್ಯೆ ತಂದೊಡ್ಡುತ್ತದೆ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ತೆಳುವಾಗಿ ಧೂಳು ಕುಳಿತಿದ್ದರೆ ಏಣಿಯ ರಬ್ಬರ್ ಪಾದ ಹಿಡಿತ ಕಳೆದುಕೊಳ್ಳುತ್ತದೆ. ಬಚ್ಚಲಿನಿಂದ ಬಂದ ಒದ್ದೆ ಕಾಲಿನ ಗುರುತುಗಳಿದ್ದರಂತೂ ಹೇಳುವುದೇ ಬೇಡ. ಮೇಲಿನಿಂದ ಬಿಗಿದ ಏಣಿ ಪೂರ್ತಿ ಜಾರಿ ಬೀಳುವುದಿಲ್ಲ ನಿಜ, ಆದರೆ ಬುಡ ಅರ್ಧ ಇಂಚು ಸರಿದರೂ ಮೇಲೆ ನಿಂತವರ ಎದೆ ಝಲ್ಲೆನ್ನುತ್ತದೆ. ಪಾದ ಊರುವ ಎರಡು ಕಡೆ ಒರಟಾದ ರಬ್ಬರಿನ ತುಂಡುಗಳನ್ನು ಅಂಟಿಸಿದ ಮೇಲೆ ಸರಿಯಾಯಿತು. ಏಣಿ ಇಳಿಸುವ ಮೊದಲು ಆ ಜಾಗವನ್ನು ಒಣಬಟ್ಟೆಯಿಂದ ಒರೆಸುವುದು ಈಗ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿದೆ.

ಬಳಸುವ ಅನುಭವಕ್ಕೆ ಬರೋಣ. ಕೊಕ್ಕೆಯಿರುವ ಕೋಲಿನಿಂದ ಮುಚ್ಚಳವನ್ನು ಎಳೆದರೆ ಸ್ಪ್ರಿಂಗುಗಳ ಆಸರೆಯಲ್ಲಿ ಅದು ನಿಧಾನವಾಗಿ ತೆರೆಯುತ್ತದೆ. ಅನಂತರ ಏಣಿಯ ಕೆಳತುದಿಯನ್ನು ಹಿಡಿದು ಎಳೆಯಬೇಕು. ಎಳೆಯುವವರು ಕಿಂಡಿಯ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಲ್ಲುವುದು ಒಳ್ಳೆಯದು. ತೂಗಿಬಿದ್ದ ಮುಚ್ಚಳ ನಮ್ಮ ಹತ್ತು ಅಡಿಯ ಚಾವಣಿಯಲ್ಲಿ ಏಳೂವರೆ ಅಡಿಯ ಮಟ್ಟದಲ್ಲಿರುವುದರಿಂದ ತಲೆಗೆ ತಾಗುವುದಿಲ್ಲ. ಎಂಟೂವರೆ ಅಡಿಯ ಚಾವಣಿಯ ಮನೆಯಲ್ಲಿ ಅದೇ ಮುಚ್ಚಳ ಆರು ಅಡಿಗೆ, ಸರಿಯಾಗಿ ಹಣೆಯ ಮಟ್ಟಕ್ಕೆ, ಬರುತ್ತದೆ. ಏರುವಾಗ ಮೊದಲು ಗಮನಕ್ಕೆ ಬರುವುದು ಪಕ್ಕಕ್ಕೆ ಆಗುವ ಸಣ್ಣ ಅಲುಗಾಟ. ಎಷ್ಟೊಂದು ಕೀಲುಗಳಿವೆಯೋ ಅಷ್ಟು ಕಡೆ ಕೂದಲೆಳೆಯಷ್ಟು ಸಡಿಲವಿದ್ದೇ ಇರುತ್ತದೆ, ಎಲ್ಲವೂ ಸೇರಿ ನಡುಭಾಗದಲ್ಲಿ ತಿಳಿಯುತ್ತದೆ. ಅದು ಅಪಾಯವಲ್ಲ, ಆದರೆ ಅಭ್ಯಾಸವಿಲ್ಲದವರು ಹೆದರುತ್ತಾರೆ. ಮೆಟ್ಟಿಲಿನ ಅಗಲ ಕಡಿಮೆಯಿರುವುದರಿಂದ ಪೂರ್ತಿ ಪಾದ ಊರುವುದಿಲ್ಲ; ಬರಿಗಾಲಿನಲ್ಲಿ ಹೆಚ್ಚು ಹೊತ್ತು ನಿಂತರೆ ಅಂಗಾಲು ನೋಯುತ್ತದೆ. ಮುಖ ಏಣಿಯ ಕಡೆಗೇ ಇಟ್ಟು ಇಳಿಯಬೇಕು, ಮೆಟ್ಟಿಲು ಇಳಿದಂತೆ ಮುಂದೆ ನೋಡುತ್ತ ಇಳಿಯಲಾಗದು.

ನಿಜವಾದ ತೊಡಕು ಇರುವುದು ಇಳಿಯಲು ಆರಂಭಿಸುವ ಮೊದಲ ಹೆಜ್ಜೆಯಲ್ಲಿ. ಮೇಲಿನ ನೆಲದ ಮೇಲೆ ನಿಂತವರು ಹಿಂದಕ್ಕೆ ತಿರುಗಿ, ಕಾಣದ ಮೆಟ್ಟಿಲನ್ನು ಕಾಲಿನಿಂದ ಹುಡುಕಬೇಕು. ಆ ಹೊತ್ತಿನಲ್ಲಿ ಕೈಗೆ ಭದ್ರವಾದ ಆಸರೆ ಬೇಕು. ಏಣಿಯೊಂದಿಗೆ ಬಂದ ಪುಟ್ಟ ಹಿಡಿಕೆ ಅದಕ್ಕೆ ಸಾಲದು. ನಾವು ಕಿಂಡಿಯ ಮೂರು ಬದಿಗೆ ಮೂರು ಅಡಿ ಎತ್ತರದ ಕಬ್ಬಿಣದ ಕಂಬಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ನಿಲ್ಲಿಸಿದೆವು. ಈ ಕಂಬಿಗೆ ಆದ ಖರ್ಚನ್ನು ಏಣಿಯ ಬೆಲೆಯೊಳಗೇ ಎಣಿಸಬೇಕೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಖೋಲಿಯಲ್ಲಿ ಸಾಮಾನು ತಡಕಾಡುತ್ತ ಹಿಂದೆ ಸರಿದವರು ತೆರೆದ ಕಿಂಡಿಗೆ ಬೀಳುವ ಅಪಾಯ, ಏಣಿಯಿಂದ ಬೀಳುವ ಅಪಾಯಕ್ಕಿಂತ ದೊಡ್ಡದು. ಮಡಚಿದ ಏಣಿ ಮೇಲಿನ ನೆಲದಿಂದ ಸುಮಾರು ಒಂದು ಅಡಿ ಎದ್ದು ನಿಲ್ಲುವುದರಿಂದ ಎಡವದಿರಲೂ ಈ ಕಂಬಿ ಬೇಕು.

ಸಾಮಾನು ಸಾಗಿಸುವುದನ್ನು ಕಿಂಡಿಯ ಗಾತ್ರವೇ ನಿರ್ಧರಿಸುತ್ತದೆ. ಏಣಿಯ ಪಟ್ಟಿಗಳು ಒಂದಿಷ್ಟು ಜಾಗ ಹಿಡಿಯುವುದರಿಂದ ಎರಡೂವರೆ ಅಡಿಯ ಕಿಂಡಿಯಲ್ಲಿ ಎರಡು ಅಡಿಗಿಂತ ಕಡಿಮೆ ತೆರವು ಸಿಗುತ್ತದೆ. ಮಳೆಗಾಲ ಬಂದೊಡನೆ ಕೂಲರನ್ನು ಮೇಲಿಡುವುದು ಈ ಊರಿನ ಎಷ್ಟೋ ಮನೆಗಳ ಪದ್ಧತಿ. ನಮ್ಮ ಕೂಲರ್ ಕಿಂಡಿಯಲ್ಲಿ ಹಿಡಿಸುವುದಿಲ್ಲ, ಅದರ ಹುಲ್ಲಿನ ಪ್ಯಾಡುಗಳು ಮಾತ್ರ ಮೇಲೇರುತ್ತವೆ. ಶರಣಬಸವೇಶ್ವರರ ಜಾತ್ರೆಗೆ ನೆಂಟರು ಬಂದಾಗ ಕೌದಿಗಳನ್ನು ಇಳಿಸುವುದು ಸುಲಭ, ಮೇಲಿನಿಂದ ಬಿಟ್ಟರೆ ಕೆಳಗೆ ಹಿಡಿಯುತ್ತಾರೆ. ತೊಗರಿಯ ಚೀಲವನ್ನಾಗಲಿ ಕಂಚಿನ ಹಂಡೆಯನ್ನಾಗಲಿ ಹೆಗಲ ಮೇಲಿಟ್ಟು ಈ ಏಣಿ ಏರುವ ಯೋಚನೆಯನ್ನೇ ಮಾಡಬಾರದು. ಭಾರದ ವಸ್ತುಗಳಿಗೆ ನಾವು ಮೇಲಿನ ಕಂಬಿಗೊಂದು ಗಾಲಿ ಕಟ್ಟಿ ಹಗ್ಗದಿಂದ ಎಳೆಯುತ್ತೇವೆ. ಎಪ್ಪತ್ತು ದಾಟಿದ ಅವ್ವ ಏಣಿಯನ್ನು ಒಂದು ಸಲ ಏರಿ ನೋಡಿ, ಮೇಲಿನ ಸಾಮಾನಿನ ಪಟ್ಟಿಯನ್ನು ಮೊಮ್ಮಗಳಿಂದ ಬರೆಯಿಸಿ ಕೆಳಗೇ ಇಟ್ಟುಕೊಂಡರು. ಮೊಣಕಾಲು ನೋವಿರುವವರಿಗೆ ಇದು ಹೇಳಿದ್ದಲ್ಲ.

ಧೂಳು ಮತ್ತು ಬಿಸಿಲು ನಮ್ಮ ಭಾಗದ ವಿಶೇಷ ಪರೀಕ್ಷೆಗಳು. ಮೇ ತಿಂಗಳಿನಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಕಲಬುರಗಿಯಲ್ಲಿ ಸುದ್ದಿಯೇ ಅಲ್ಲ. ತಗಡಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚು. ಏಣಿಯೊಂದಿಗೆ ಬಂದ ತೆಳುವಾದ ಮುಚ್ಚಳ ಆ ಕಾವನ್ನು ತಡೆಯುತ್ತಿರಲಿಲ್ಲ. ಮಧ್ಯಾಹ್ನ ಪ್ಯಾಸೇಜಿನಲ್ಲಿ ನಿಂತರೆ ತಲೆಯ ಮೇಲೆ ಕಾವು ಇಳಿಯುವುದು ತಿಳಿಯುತ್ತಿತ್ತು. ಮುಚ್ಚಳದ ಮೇಲ್ಮೈಗೆ ಥರ್ಮಾಕೋಲ್ ಹಾಳೆ ಕೂರಿಸಿ, ಅಂಚಿನ ಸುತ್ತ ಬಾಗಿಲುಗಳಿಗೆ ಅಂಟಿಸುವ ರಬ್ಬರ್ ಪಟ್ಟಿ ಹಾಕಿಸಿದೆವು. ಕಾವೂ ತಗ್ಗಿತು, ಮೇಲಿನಿಂದ ಉದುರುತ್ತಿದ್ದ ಧೂಳೂ ನಿಂತಿತು. ಮುಚ್ಚಳದ ತೂಕ ಹೆಚ್ಚಿದ್ದರಿಂದ ಸ್ಪ್ರಿಂಗನ್ನು ಸ್ವಲ್ಪ ಬಿಗಿಗೊಳಿಸಬೇಕಾಯಿತು. ಕರಿನೆಲದ ನಯವಾದ ಧೂಳು ಕೀಲುಗಳಿಗೆ ಸೇರುವುದನ್ನು ಮಾತ್ರ ತಡೆಯಲಾಗಿಲ್ಲ. ಗ್ರೀಸು ಹಚ್ಚಿದರೆ ಧೂಳು ಅಂಟಿ ಮರಳುಕಾಗದದಂತೆ ಕೀಲನ್ನು ಉಜ್ಜುತ್ತದೆ; ಒಣ ಬ್ರಷ್ಷಿನಿಂದ ಕೆಡವಿ, ಸಿಲಿಕೋನ್ ಸ್ಪ್ರೇ ಹೊಡೆದು, ಹೆಚ್ಚಾದದ್ದನ್ನು ಒರೆಸುವುದೇ ಸರಿಯಾದ ವಿಧಾನ. ಬೇಸಿಗೆಯ ಮೊದಲು ಮತ್ತು ದಸರೆಯ ಸ್ವಚ್ಛತೆಯ ಹೊತ್ತಿಗೆ ಈ ಕೆಲಸ ಮಾಡಿದರೆ ಕಿರುಗುಟ್ಟುವಿಕೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಇಷ್ಟು ವರ್ಷಗಳಲ್ಲಿ ಅಲ್ಯೂಮಿನಿಯಂ ಪಟ್ಟಿಗಳು ಬಾಗಿಲ್ಲ, ತುಕ್ಕಿನ ಪ್ರಶ್ನೆಯೇ ಇಲ್ಲ, ಮೆಟ್ಟಿಲಿನ ಗೀರುಗಳು ಇನ್ನೂ ಹಿಡಿತ ಕೊಡುತ್ತವೆ. ಸವೆದಿರುವುದು ಕೀಲುಗಳ ನಡುವಿನ ಪ್ಲಾಸ್ಟಿಕ್ ವಾಷರುಗಳು. ಅವು ತೆಳುವಾದಂತೆ ಅಲುಗಾಟ ಹೆಚ್ಚುತ್ತದೆ, ಲೋಹ ಲೋಹಕ್ಕೆ ತಾಗಿ ಸದ್ದಾಗುತ್ತದೆ. ಬದಲಿಸಲು ಮಾರಿದವರನ್ನು ಕೇಳಿದರೆ, ಬಿಡಿಭಾಗ ಪ್ರತ್ಯೇಕವಾಗಿ ಸಿಗುವುದಿಲ್ಲ, ಇಡೀ ಏಣಿಯನ್ನು ವಾಪಸು ಕಳಿಸಿ ಎಂಬ ಉತ್ತರ ಬಂತು. ಕೊನೆಗೆ ಊರಿನಲ್ಲೇ ಲೇತ್ ಕೆಲಸ ಮಾಡುವವರೊಬ್ಬರು ನೈಲಾನ್ ಸರಳಿನಿಂದ ಅದೇ ಅಳತೆಯ ವಾಷರುಗಳನ್ನು ಕಡೆದುಕೊಟ್ಟರು. ಅವು ಮೊದಲಿನವುಗಳಿಗಿಂತ ಚೆನ್ನಾಗಿವೆ. ಕೀಲುಗಳನ್ನು ರಿವೆಟ್ಟಿನಿಂದ ಜೋಡಿಸಿದ ಏಣಿಗಳೂ ಇವೆ, ನಟ್ಟು ಬೋಲ್ಟಿನಿಂದ ಜೋಡಿಸಿದವೂ ಇವೆ. ನಮ್ಮದು ಎರಡನೆಯ ಬಗೆಯದಾದ್ದರಿಂದ ಇದು ಸಾಧ್ಯವಾಯಿತು. ರಿವೆಟ್ಟಿನದಾಗಿದ್ದರೆ ಪ್ರತಿಯೊಂದನ್ನೂ ಕೊರೆದು ತೆಗೆಯಬೇಕಾಗುತ್ತಿತ್ತು. ಬೆಲೆಯಲ್ಲಿ ತುಸು ಹೆಚ್ಚಾದರೂ ಬೋಲ್ಟಿನ ಕೀಲಿರುವುದನ್ನೇ ಕೇಳಿ ಪಡೆಯಿರಿ. ಹಣ ಕೊಡುವ ದಿನವೇ ಒಂದು ಜೊತೆ ಹೆಚ್ಚಿನ ವಾಷರುಗಳನ್ನೂ ಸ್ಪ್ರಿಂಗನ್ನೂ ಬಿಲ್ಲಿನಲ್ಲಿ ಬರೆಯಿಸಿಕೊಳ್ಳಿ. ವಿದ್ಯುತ್ತಿನಿಂದ ಇಳಿಯುವ ಮಾದರಿಯನ್ನೂ ತೋರಿಸುತ್ತಾರೆ. ಕರೆಂಟು ಹೋದಾಗ ಅದನ್ನು ಕೈಯಿಂದ ಇಳಿಸುವ ಬಗೆಯನ್ನು ಅಂಗಡಿಯಲ್ಲೇ ಮಾಡಿ ತೋರಿಸದಿದ್ದರೆ ಅದರ ಮಾತು ಬಿಡುವುದೇ ಲೇಸು.

ನಾಲ್ಕು ಅಡಿಯ ಕಿಂಡಿಯೂ ಅದರ ಮುಂದೆ ಏಳೆಂಟು ಅಡಿ ತೆರವೂ ಇರುವವರು ಮೂರು ಮಡಿಕೆಯದನ್ನು ಕೊಳ್ಳಲಿ. ಗೆದ್ದಲಿನ ಭಯವಿದ್ದರೆ ಅದೇ ವಿನ್ಯಾಸ ಲೋಹದಲ್ಲಿಯೂ ಸಿಗುತ್ತದೆ. ಮೇಲೇರುವ ಕೆಲಸ ವರ್ಷಕ್ಕೆ ನಾಲ್ಕಾರು ಸಲ ಮಾತ್ರವೆನ್ನುವವರಿಗೆ ಗೋಡೆಗೆ ಬಿಗಿದ ಕಬ್ಬಿಣದ ನಿಚ್ಚಣಿಕೆ ಸಾಕು, ಉಳಿದ ಹಣದಲ್ಲಿ ಕಿಂಡಿಯ ಸುತ್ತ ಒಳ್ಳೆಯ ಕಂಬಿ ಮಾಡಿಸಬಹುದು. ಕಿಂಡಿ ಮೂರು ಅಡಿಗಿಂತ ಚಿಕ್ಕದಾಗಿದ್ದು, ಕೆಳಗೆ ಓಡಾಡುವ ದಾರಿಯಿದ್ದು, ವಾರಕ್ಕೊಮ್ಮೆಯಾದರೂ ಏರಬೇಕಾದವರು ಕತ್ತರಿ ಮಾದರಿಯನ್ನು ನೋಡಬಹುದು; ಅಂಗಡಿಯಲ್ಲಿ ಬಿಚ್ಚಿ ನಿಲ್ಲಿಸಿದ ಏಣಿಯಿದ್ದರೆ ನಡುಭಾಗದವರೆಗೆ ಏರಿ, ಕೆಳಗಿನವರಿಂದ ಸ್ವಲ್ಪ ಅಲುಗಾಡಿಸಿ ನೋಡಿ, ಮನೆಯಲ್ಲಿ ಅದನ್ನು ಹೆಚ್ಚಾಗಿ ಏರುವವರನ್ನೂ ಜೊತೆಗೆ ಕರೆದೊಯ್ಯಿರಿ.